ಮಕ್ಕಳ ಚೆಸ್ ಟೂರ್ನಿಯಲ್ಲಿ ಡ್ರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳಿಗೆ 2023ರ ಜನವರಿ 1ರಿಂದ ಜಾರಿಯಲ್ಲಿರುವ ಫಿಡೆ (ಅಂತರರಾಷ್ಟ್ರೀಯ ಚೆಸ್ ಒಕ್ಕೂಟ) ನಿಯಮಗಳೇ ಆಧಾರ. ಟೂರ್ನಿಯ ಸುತ್ತೋಲೆಯಲ್ಲಿ ಬೇರೆ ಷರತ್ತು ಇದ್ದರೆ ಅದನ್ನು ಮೊದಲು ಓದಿಕೊಳ್ಳಿ. ಊರೂರಿಗೆ ಕಾಯಿಗಳ ಹೆಸರು ಬೇರೆಯಾಗುವುದರಿಂದ ಒಂದು ಮಾತು: ಇಲ್ಲಿ ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್, ಪಾನ್ ಎಂದರೆ ಕಾಲಾಳು.

## ಮೊದಲ ಟೂರ್ನಿಗೆ ಹೊರಟವರಿಗೆ

ಡ್ರಾ ಅಂದ್ರೆ ಇಬ್ಬರೂ ಸೋತ ಹಾಗಾ? ಪಾಯಿಂಟ್ ಹೇಗೆ ಕೊಡ್ತಾರೆ?

ಇಲ್ಲ. ಗೆದ್ದರೆ 1, ಸೋತರೆ 0, ಡ್ರಾ ಆದರೆ ಇಬ್ಬರಿಗೂ ಅರ್ಧರ್ಧ. ಸ್ಕೋರ್‌ಶೀಟಿನಲ್ಲಿ (ನಡೆಗಳನ್ನು ಬರೆಯುವ ಹಾಳೆ) ½-½ ಎಂದು ಬರೆಯಬೇಕು. ಸ್ವಿಸ್ ಪದ್ಧತಿಯಲ್ಲಿ ಮುಂದಿನ ರೌಂಡಿನ ಜೋಡಿ ಪಾಯಿಂಟ್ ನೋಡಿ ಬೀಳುವುದರಿಂದ, ಅರ್ಧ ಪಾಯಿಂಟ್ ಬಂದ ಮಗುವಿಗೆ ಸಾಧ್ಯವಾದಷ್ಟೂ ಅಷ್ಟೇ ಪಾಯಿಂಟ್ ಇರುವ ಎದುರಾಳಿ ಸಿಗುತ್ತದೆ.

ಆಟ ಡ್ರಾ ಆಗೋಕೆ ಎಷ್ಟು ದಾರಿ ಇವೆ?

ಕೆಲವು ತಾವಾಗಿಯೇ ಆಗುತ್ತವೆ, ಕೆಲವನ್ನು ಕೇಳಿ ಪಡೆಯಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಮಕ್ಕಳು ಹೆಚ್ಚು ಅರ್ಧ ಪಾಯಿಂಟ್ ಕಳೆದುಕೊಳ್ಳುವುದು. ಸ್ಟೇಲ್‌ಮೇಟ್ ಆದರೆ (ಮುಂದಿನ ಪ್ರಶ್ನೆ ನೋಡಿ), ಯಾವ ಕ್ರಮದಲ್ಲಿ ಆಡಿದರೂ ಯಾರಿಗೂ ಮೇಟ್ (ರಾಜ ತಪ್ಪಿಸಿಕೊಳ್ಳಲಾಗದ ಚೆಕ್) ಮಾಡಲಾಗದ ಸ್ಥಿತಿ ಬಂದರೆ, ಒಂದೇ ಸ್ಥಿತಿ ಐದು ಸಲ ಬಂದರೆ, ಅಥವಾ ಕಾಯಿ ಹೊಡೆಯದೆ, ಪಾನ್ ಸರಿಸದೆ ಇಬ್ಬರೂ 75 ನಡೆ ಆಡಿದರೆ ಆಟ ಅಲ್ಲಿಗೇ ಮುಗಿಯುತ್ತದೆ (75ನೇ ನಡೆಯೇ ಮೇಟ್ ಆದರೆ ಮಾತ್ರ ಮೇಟ್‌ಗೇ ಬೆಲೆ). ಒಂದೇ ಸ್ಥಿತಿ ಮೂರು ಸಲ ಬಂದದ್ದು ಮತ್ತು 50 ನಡೆ, ಇವೆರಡನ್ನು ಆಟಗಾರರೇ ಕ್ಲೇಮ್ ಮಾಡಬೇಕು. ಇನ್ನುಳಿದದ್ದು ಇಬ್ಬರೂ ಮಾತಾಡಿ ಒಪ್ಪಿಕೊಳ್ಳುವ ಡ್ರಾ.

ಮಗಳ ಹತ್ತಿರ ರಾಣಿ ಇತ್ತು, ಎದುರಿಗೆ ಬರೀ ರಾಜ. ಆದರೂ ಡ್ರಾ ಅಂದುಬಿಟ್ರು. ಇದ್ಯಾವ ನ್ಯಾಯ?

ಅದು ಸ್ಟೇಲ್‌ಮೇಟ್. ರಾಜನಿಗೆ ಚೆಕ್ ಇಲ್ಲ, ಆದರೆ ಆಡಲು ನಿಯಮಬದ್ಧ ನಡೆ ಒಂದೂ ಇಲ್ಲ. ಚಿಕ್ಕ ಮಕ್ಕಳ ವಿಭಾಗದಲ್ಲಿ ಗೆಲ್ಲಬೇಕಾದ ಆಟ ಕೈತಪ್ಪುವುದು ಹೆಚ್ಚಾಗಿ ಹೀಗೆಯೇ.

ಎಲ್ಲಿ ತಪ್ಪುತ್ತದೆ ಎಂದರೆ, ರಾಣಿಯನ್ನು ಎದುರಾಳಿ ರಾಜನಿಂದ ಕುದುರೆ ನೆಗೆತದಷ್ಟು ದೂರದಲ್ಲಿಟ್ಟು, ಅವನು ಹೋದ ಕಡೆಗೇ ಹಿಂಬಾಲಿಸುವ ವಿಧಾನವನ್ನು ಎಲ್ಲ ತರಗತಿಗಳಲ್ಲೂ ಹೇಳಿಕೊಡುತ್ತಾರೆ. ವಿಧಾನ ಒಳ್ಳೆಯದೇ. ಆದರೆ ರಾಜ ಮೂಲೆ ಸೇರಿದ ಕ್ಷಣ ಹಿಂಬಾಲಿಸುವುದನ್ನು ನಿಲ್ಲಿಸಬೇಕು. ಕಪ್ಪು ರಾಜ ಎ8ರಲ್ಲಿ (ಎ ಸಾಲಿನ 8ನೇ ಮನೆ), ಬಿಳಿ ರಾಣಿ ಬಿ6ರಲ್ಲಿ ಬಂದರೆ ಎ7, ಬಿ7, ಬಿ8 ಮೂರೂ ಮನೆ ಮುಚ್ಚಿಹೋಗುತ್ತವೆ. ಚೆಕ್ ಮಾತ್ರ ಇಲ್ಲ. ಬೋರ್ಡಿನಲ್ಲಿ ಕಪ್ಪಿಗೆ ಬೇರೆ ಕಾಯಿ ಇಲ್ಲದಿದ್ದರೆ ಮುಗಿಯಿತು. ಅದರ ಬದಲು ರಾಣಿಯನ್ನು ಡಿ7ರಲ್ಲಿ ನಿಲ್ಲಿಸಿದರೆ ರಾಜ ಎ8, ಬಿ8 ನಡುವೆ ಓಡಾಡಿಕೊಂಡಿರುತ್ತಾನೆ. ಅಷ್ಟರಲ್ಲಿ ನಮ್ಮ ರಾಜನನ್ನು ನಿಧಾನವಾಗಿ ನಡೆಸಿಕೊಂಡು ಬರಬಹುದು. ಒಂಟಿ ರಾಜನ ಎದುರು ಪ್ರತಿ ನಡೆ ಆಡುವ ಮುನ್ನ ‘ಈಗ ಅವನಿಗೆ ಹೋಗಲು ಮನೆ ಇದೆಯಾ?’ ಎಂದು ಕೇಳಿಕೊಳ್ಳುವುದನ್ನು ಮಗುವಿಗೆ ರೂಢಿ ಮಾಡಿಸಿ.

ಬರೀ ರಾಜ ಉಳಿದ ಮೇಲೆ 16 ನಡೆಯಲ್ಲಿ ಮೇಟ್ ಮಾಡಬೇಕಂತೆ. ಹೌದಾ?

ಅಲ್ಲ. 16, 21 ಎಂದು ಹಿರಿಯರು ಹೇಳುವ ಲೆಕ್ಕ ಮನೆಯಾಟದ್ದು, ಫಿಡೆ ನಿಯಮದಲ್ಲಿ ಅದು ಎಲ್ಲೂ ಇಲ್ಲ. ಟೂರ್ನಿಯಲ್ಲಿ ಎದುರಾಳಿ ‘ಹದಿನಾರಾಯ್ತು, ಡ್ರಾ’ ಎಂದರೆ ಒಪ್ಪಿಕೊಳ್ಳದೆ ಕೈ ಎತ್ತಿ ಆರ್ಬಿಟರ್ (ತೀರ್ಪುಗಾರ) ಅವರನ್ನು ಕರೆಯಲು ಹೇಳಿಕೊಡಿ. ಗೆಲ್ಲುವ ಆಟವನ್ನು ಈ ಒಂದು ಮಾತಿಗೆ ಬಿಟ್ಟುಕೊಟ್ಟು ಎದ್ದು ಬರುವ ಮಕ್ಕಳಿದ್ದಾರೆ.

## ಬೋರ್ಡಿನ ಮುಂದೆ ಕೂತಾಗ

ಡ್ರಾ ಕೇಳುವ ಸರಿಯಾದ ಕ್ರಮ ಯಾವುದು?

ಮೊದಲು ನಮ್ಮ ನಡೆ ಆಡಬೇಕು, ಆಮೇಲೆ ‘ಡ್ರಾ?’ ಎಂದು ಕೇಳಬೇಕು, ಆಮೇಲೆ ಗಡಿಯಾರ ಒತ್ತಬೇಕು. ಸ್ಕೋರ್‌ಶೀಟಿನಲ್ಲಿ ಆ ನಡೆಯ ಪಕ್ಕ (=) ಗುರುತು ಹಾಕಬೇಕು. ಇಬ್ಬರೂ ಗುರುತು ಹಾಕುವುದು ನಿಯಮ. ಮುಂದೆ ಜಗಳ ಬಂದರೆ ಆರ್ಬಿಟರ್ ನೋಡುವುದು ಅದನ್ನೇ.

ಒಮ್ಮೆ ಕೇಳಿದ್ದನ್ನು ವಾಪಸ್ ತೆಗೆದುಕೊಳ್ಳುವಂತಿಲ್ಲ, ‘ಇನ್ನೈದು ನಡೆ ಆದಮೇಲೆ ಡ್ರಾ’ ಎಂಬಂಥ ಷರತ್ತೂ ಹಾಕುವಂತಿಲ್ಲ. ಎದುರಾಳಿ ಬಾಯಲ್ಲಿ ಬೇಡ ಎನ್ನುವವರೆಗೆ ಅಥವಾ ಆಡುವ ಉದ್ದೇಶದಿಂದ ಕಾಯಿ ಮುಟ್ಟುವವರೆಗೆ ಆ ಮಾತು ನಿಂತಿರುತ್ತದೆ. ಕಾಯಿ ಮುಟ್ಟಿದರೆ ನಿರಾಕರಿಸಿದಂತೆಯೇ ಲೆಕ್ಕ. ಮುಟ್ಟಿ, ಯೋಚಿಸಿ, ‘ಸರಿ ಡ್ರಾ’ ಎಂದರೆ ನಡೆಯದು.

ನಡೆ ಆಡುವ ಮುನ್ನವೇ ಕೇಳಿಬಿಟ್ಟರೆ? ಆ ಮಾತೂ ಊರ್ಜಿತವೇ. ಎದುರಾಳಿ ಸುಮ್ಮನೆ ಕೂತು, ನಮ್ಮ ನಡೆ ನೋಡಿಕೊಂಡು ಆಮೇಲೆ ಉತ್ತರ ಕೊಡಬಹುದು. ನಷ್ಟ ನಮಗೇ.

ಆಟ ಶುರುವಾದ ಹತ್ತೇ ನಡೆಗೆ ಡ್ರಾ ಮಾಡಿಕೊಳ್ಳಬಹುದಾ?

ಇಬ್ಬರೂ ಕನಿಷ್ಠ ಒಂದೊಂದು ನಡೆ ಆಡಿರಬೇಕು, ಮೂಲ ನಿಯಮ ಕೇಳುವುದು ಅಷ್ಟೇ. ಆದರೆ ಇಂತಿಷ್ಟು ನಡೆಯೊಳಗೆ ಆರ್ಬಿಟರ್ ಒಪ್ಪಿಗೆಯಿಲ್ಲದೆ ಡ್ರಾ ಇಲ್ಲ ಎಂದು ಸಂಘಟಕರು ಷರತ್ತು ಹಾಕಬಹುದು. ಅದು ಒಪ್ಪಂದದ ಡ್ರಾಗೆ ಮಾತ್ರ ಅನ್ವಯ. ಸ್ಟೇಲ್‌ಮೇಟ್‌ಗೂ ಮೂರು ಸಲದ ಕ್ಲೇಮಿಗೂ ತಡೆ ಇಲ್ಲ.

ಆ ಹುಡುಗ ಎರಡು ನಡೆಗೊಮ್ಮೆ ‘ಡ್ರಾ? ಡ್ರಾ?’ ಅಂತಾನೇ ಇರ್ತಾನೆ. ಏನ್ಮಾಡ್ಬೇಕು?

ಮೊದಲ ಸಲ ‘ಬೇಡ’ ಎಂದು ಹೇಳಿ ಆಟ ಮುಂದುವರಿಸಿ. ಸ್ಥಿತಿ ಬದಲಾಗದೆ ಮತ್ತೆ ಮತ್ತೆ ಕೇಳಿದರೆ ಅದು ಎದುರಾಳಿಯ ಗಮನ ಕೆಡಿಸಿದಂತೆ. ನಿಯಮ 11.5 ಇದನ್ನು ಹೆಸರಿಸಿಯೇ ನಿಷೇಧಿಸುತ್ತದೆ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆದು ಮೆಲ್ಲಗೆ ಹೇಳಿದರೆ ಸಾಕು. ಆ ಹುಡುಗನಿಗೆ ಎಚ್ಚರಿಕೆ ಕೊಡುವುದೋ ನಮಗೆ ಹೆಚ್ಚುವರಿ ಸಮಯ ಕೊಡುವುದೋ ಅವರಿಗೆ ಬಿಟ್ಟದ್ದು. ತಿರುಗಿ ಆ ಹುಡುಗನನ್ನು ಬೈದರೆ ಎಚ್ಚರಿಕೆ ಇಬ್ಬರಿಗೂ ಬೀಳುತ್ತದೆ.

ಕೈ ಕೊಟ್ಟಾಗ ನಮ್ಮ ಹುಡುಗ ಡ್ರಾ ಅಂದ್ಕೊಂಡ. ಅವನು ‘ನೀನು ಸೋಲೊಪ್ಪಿಕೊಂಡೆ’ ಅಂದ. ಈಗ?

ಬರೀ ಕೈಕುಲುಕಿದ್ದಕ್ಕೆ ನಿಯಮದಲ್ಲಿ ಅರ್ಥವಿಲ್ಲ, ಹಾಗಾಗಿಯೇ ಇಬ್ಬರೂ ತಮಗೆ ಬೇಕಾದ ಅರ್ಥ ಹಚ್ಚಿಕೊಳ್ಳುತ್ತಾರೆ. ಆರ್ಬಿಟರ್ ಬಂದಾಗ ಅವರ ಮುಂದಿರುವುದು ಬೋರ್ಡಿನ ಸ್ಥಿತಿ, ಗಡಿಯಾರ, ಸ್ಕೋರ್‌ಶೀಟಿನ ಗುರುತು, ಇಬ್ಬರ ಮಾತು. ಮಕ್ಕಳು ಅಷ್ಟರಲ್ಲಿ ಕಾಯಿಗಳನ್ನು ಮೊದಲಿನಂತೆ ಜೋಡಿಸಿಟ್ಟಿದ್ದರೆ ಸ್ಥಿತಿಯೂ ಹೋಯಿತು.

ಇದಕ್ಕೆ ಮುಂಜಾಗ್ರತೆಯೇ ಮದ್ದು: ಬಾಯಲ್ಲಿ ‘ಡ್ರಾ’ ಎಂಬ ಮಾತು ಇಬ್ಬರಿಂದಲೂ ಬರುವವರೆಗೆ ಕೈ ಚಾಚಬಾರದು. ಒಪ್ಪಿದ ಮೇಲೆ ಗಡಿಯಾರ ನಿಲ್ಲಿಸಬೇಕು, ಎರಡೂ ಸ್ಕೋರ್‌ಶೀಟಿನಲ್ಲಿ ½-½ ಬರೆದು ಇಬ್ಬರೂ ಸಹಿ ಹಾಕಬೇಕು, ಕೈ ಎತ್ತಿ ಆರ್ಬಿಟರ್ ಬಂದು ನೋಡುವವರೆಗೆ ಕಾಯಿ ಮುಟ್ಟಬಾರದು. ಏಳು ವರ್ಷದ ಮಗುವಿಗೂ ಇದು ಎರಡು ದಿನದ ಅಭ್ಯಾಸದಲ್ಲಿ ಬರುತ್ತದೆ. ಓಪನಿಂಗ್‌ನ ಹದಿನೈದನೇ ನಡೆ ಬಾಯಿಪಾಠ ಮಾಡಿಸುವ ಮುಂಚೆ ಇದನ್ನು ಕಲಿಸುವುದು ವಾಸಿ.

ಸ್ಟೇಲ್‌ಮೇಟ್ ಅಂತ ಇಬ್ಬರೂ ಒಪ್ಪಿ ಸಹಿ ಹಾಕಿದ್ರು. ಮನೆಗೆ ಬಂದು ನೋಡಿದ್ರೆ ಪಾನ್‌ಗೆ ಒಂದು ನಡೆ ಇತ್ತು. ಫಲಿತಾಂಶ ಬದಲಾಗುತ್ತಾ?

ಸಾಮಾನ್ಯವಾಗಿ ಇಲ್ಲ. ಸಹಿ ಬಿದ್ದ ಫಲಿತಾಂಶ ತಪ್ಪಾಗಿದ್ದರೂ, ಆರ್ಬಿಟರ್ ಬೇರೆ ರೀತಿ ತೀರ್ಮಾನಿಸದ ಹೊರತು ನಿಲ್ಲುತ್ತದೆ. ಆಟ ಇನ್ನೂ ಮುಗಿಯದಿದ್ದಾಗ ಇಬ್ಬರೂ ಡ್ರಾ ಎಂದರೆ ಅದನ್ನು ಒಪ್ಪಂದ ಎಂದೇ ನೋಡುತ್ತಾರೆ. ಸ್ಟೇಲ್‌ಮೇಟ್ ಎಂದು ಅನ್ನಿಸಿದಾಗ ಸಹಿಗೆ ಮೊದಲೇ ಆರ್ಬಿಟರ್ ಅವರಿಂದ ನೋಡಿಸಿಕೊಳ್ಳಬೇಕು. ಅಂಚಿನ ಪಾನ್ ಮತ್ತು ತಡೆಗಟ್ಟಿದಂತೆ ಕಾಣುವ ಕುದುರೆ ಇವೆರಡೇ ಮಕ್ಕಳ ಕಣ್ಣಿಗೆ ಹೆಚ್ಚು ತಪ್ಪುವುದು.

ಬಾಗಿಲ ಹತ್ತಿರ ನಿಂತು ‘ಡ್ರಾ ತಗೋ’ ಅಂತ ಸನ್ನೆ ಮಾಡಬಹುದಾ?

ಖಂಡಿತ ಕೂಡದು. ಸನ್ನೆಯೂ ಹೊರಗಿನ ಸಲಹೆಯೇ, ಶಿಕ್ಷೆ ಬೀಳುವುದು ಮಗುವಿಗೆ. ಏನಾದರೂ ಅಕ್ರಮ ಕಂಡರೆ ಆರ್ಬಿಟರ್ ಒಬ್ಬರಿಗೆ ಮಾತ್ರ ತಿಳಿಸಬಹುದು.

## ಕ್ಲೇಮ್ ಮಾಡುವಾಗ

ಮೊಬೈಲ್‌ನಲ್ಲಿ ಮೂರು ಸಲ ಅದೇ ಸ್ಥಿತಿ ಬಂದ್ರೆ ತಾನಾಗಿಯೇ ಡ್ರಾ ಆಗುತ್ತೆ. ಟೂರ್ನಿಯಲ್ಲಿ ಯಾಕೆ ಆಗಲಿಲ್ಲ?

ಆ್ಯಪ್‌ ತಾನೇ ಎಣಿಸುತ್ತದೆ. ಬೋರ್ಡಿನ ಮೇಲೆ ಎಣಿಸುವುದು, ಕೇಳುವುದು ಆಟಗಾರರ ಕೆಲಸ. ಆಡುವ ಸರದಿ ಯಾರದೋ ಅವರು ಮಾತ್ರ ಕ್ಲೇಮ್ ಮಾಡಬಹುದು, ಅದೂ ಎರಡು ಸಂದರ್ಭದಲ್ಲಿ. ಎದುರಾಳಿಯ ನಡೆಯಿಂದ ಮೂರನೇ ಸಲ ಅದೇ ಸ್ಥಿತಿ ಬಂದಿದ್ದರೆ ಏನೂ ಆಡದೆ ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆಯಬೇಕು. ನಾವು ಆಡಲಿರುವ ನಡೆಯಿಂದ ಮೂರನೇ ಸಲ ಬರುವುದಾದರೆ, ಆ ನಡೆಯನ್ನು ಬೋರ್ಡಿನ ಮೇಲೆ ಆಡದೆ ಸ್ಕೋರ್‌ಶೀಟಿನಲ್ಲಿ ಬರೆದು, ಗಡಿಯಾರ ನಿಲ್ಲಿಸಿ, ‘ಈ ನಡೆ ಆಡಿದರೆ ಮೂರನೇ ಸಲ ಆಗುತ್ತದೆ’ ಎಂದು ಹೇಳಬೇಕು.

ಹತ್ತರಲ್ಲಿ ಎಂಟು ಮಕ್ಕಳು ಎಡವುವುದು ಇಲ್ಲೇ ಎಂದರೆ ಉತ್ಪ್ರೇಕ್ಷೆಯಾಗಲಾರದು: ಖುಷಿಯಲ್ಲಿ ನಡೆ ಆಡಿ, ಗಡಿಯಾರ ಒತ್ತಿ, ಆಮೇಲೆ ಕೈ ಎತ್ತುತ್ತಾರೆ. ಅಷ್ಟರಲ್ಲಿ ಸರದಿ ಎದುರಾಳಿಯದು, ಕ್ಲೇಮಿನ ಹಕ್ಕೂ ಅವನದೇ. ಕಾಯಿ ಮುಟ್ಟಿದರೂ ಆ ನಡೆಗೆ ಹಕ್ಕು ಹೋದಂತೆ.

ಸ್ಥಿತಿ ಒಂದೇ ಎನ್ನಬೇಕಾದರೆ ಕಾಯಿಗಳು ಅದೇ ಮನೆಯಲ್ಲಿದ್ದರೆ ಸಾಲದು. ಆಡುವ ಸರದಿ ಅದೇ ಬಣ್ಣದ್ದಾಗಿರಬೇಕು, ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ) ಮತ್ತು ಆನ್‌ಪಾಸಾಂಟ್ (ಎರಡು ಮನೆ ದಾಟಿದ ಪಾನ್ ಅನ್ನು ಪಕ್ಕದ ಪಾನ್ ಹೊಡೆಯುವ ನಡೆ) ಹಕ್ಕುಗಳೂ ಹಾಗೇ ಇರಬೇಕು. ನಡುವೆ ರಾಜ ಒಮ್ಮೆ ಸರಿದು ಹಿಂದಕ್ಕೆ ಬಂದಿದ್ದರೆ ಕ್ಯಾಸ್ಲಿಂಗ್ ಹಕ್ಕು ಹೋಗಿರುತ್ತದೆ, ಲೆಕ್ಕ ಹೊಸದಾಗಿ ಶುರು. ಮೂರೂ ಸಲ ಸಾಲಾಗಿ ಬರಬೇಕೆಂದಿಲ್ಲ. 20, 26, 41ನೇ ನಡೆಗಳಲ್ಲಿ ಬಂದರೂ ಆಯಿತು.

ಕ್ಲೇಮ್ ತಪ್ಪಾದರೆ ಎದುರಾಳಿಗೆ 2 ನಿಮಿಷ ಹೆಚ್ಚು ಸಿಗುತ್ತದೆ, ಬರೆದಿಟ್ಟ ನಡೆಯನ್ನೇ ಆಡಬೇಕಾಗುತ್ತದೆ, ಆಟ ಮುಂದುವರಿಯುತ್ತದೆ. ಸೋಲಂತೂ ಆಗುವುದಿಲ್ಲ. ಹಾಗಾಗಿ ಲೆಕ್ಕ ಹಾಕಿ ಖಾತ್ರಿಯಾದ ಮಗು ಹೆದರದೆ ಕೈ ಎತ್ತಲಿ.

ಸುಮ್ಮನೆ ಚೆಕ್ ಮೇಲೆ ಚೆಕ್ ಕೊಡ್ತಿದ್ರೆ ಡ್ರಾ ಅಲ್ವಾ?

ನಿರಂತರ ಚೆಕ್ ಎಂಬ ಪ್ರತ್ಯೇಕ ನಿಯಮ ಇಲ್ಲ. ಚೆಕ್ ಕೊಡುತ್ತಾ ಹೋದರೆ ಸ್ಥಿತಿ ಮೂರು ಸಲ ಬಂದೇ ಬರುತ್ತದೆ, ಆಗ ಮೇಲೆ ಹೇಳಿದಂತೆ ಕ್ಲೇಮ್ ಮಾಡಬೇಕು. ಅಥವಾ ಎದುರಾಳಿಯೇ ಬೇಸತ್ತು ಡ್ರಾ ಒಪ್ಪಿಕೊಳ್ಳುತ್ತಾನೆ.

50 ನಡೆ ಎಲ್ಲಿಂದ ಎಣಿಸೋದು?

ಕೊನೆಯ ಸಲ ಕಾಯಿ ಹೊಡೆದದ್ದು ಅಥವಾ ಪಾನ್ ಸರಿದದ್ದು ಯಾವಾಗಲೋ ಅಲ್ಲಿಂದ. ಬಿಳಿಯದು 50, ಕಪ್ಪಿನದು 50 ಆಗಬೇಕು. ನಡುವೆ ಒಂದು ಪಾನ್ ಒಂದು ಮನೆ ಸರಿದರೂ ಮತ್ತೆ ಒಂದರಿಂದ ಎಣಿಕೆ. ಸ್ಕೋರ್‌ಶೀಟ್ ಬರೆಯುತ್ತಿರುವ ಮಗುವಿಗೆ ಇದು ಸುಲಭ: ಆ ನಡೆಯ ಸಂಖ್ಯೆಗೆ ಸುತ್ತು ಹಾಕಿ ಅದಕ್ಕೆ 50 ಕೂಡಿಸಿಕೊಂಡರೆ ಆಯಿತು. 63ನೇ ನಡೆಯಲ್ಲಿ ಕಪ್ಪಿನವರು ಕಾಯಿ ಹೊಡೆದಿದ್ದರೆ, ಕಪ್ಪಿನ 113ನೇ ನಡೆಗೆ ಲೆಕ್ಕ ತುಂಬುತ್ತದೆ.

5 ನಿಮಿಷಕ್ಕಿಂತ ಕಡಿಮೆ ಉಳಿದು, ನಡೆಗೆ 30 ಸೆಕೆಂಡಿನ ಇನ್‌ಕ್ರಿಮೆಂಟ್ (ಪ್ರತಿ ನಡೆಗೂ ಸೇರುವ ಹೆಚ್ಚುವರಿ ಸಮಯ) ಇಲ್ಲದಿದ್ದರೆ ಬರೆಯುವುದರಿಂದ ವಿನಾಯಿತಿ ಇದೆ. ಆದರೆ ಬರೆಯುವುದನ್ನು ನಿಲ್ಲಿಸಿದರೆ ಪುರಾವೆಯೂ ನಿಂತುಹೋಗುತ್ತದೆ. ರ‍್ಯಾಪಿಡ್ (ಕಡಿಮೆ ಸಮಯದ) ಆಟದಲ್ಲಿ ಬರೆಯುವ ಕಡ್ಡಾಯವೇ ಇಲ್ಲದ ಕಾರಣ, ಸ್ಥಿತಿ ಮರುಕಳಿಸಲು ಶುರುವಾದಾಗಲೇ ಆರ್ಬಿಟರ್ ಅವರನ್ನು ಬೋರ್ಡಿನ ಬಳಿ ಕರೆಸಿಕೊಳ್ಳುವುದು ಜಾಣತನ.

ನಮ್ಮವನ ಟೈಮ್ ಮುಗೀತು. ಎದುರಾಳಿ ಹತ್ತಿರ ಬರೀ ಒಂದು ಕುದುರೆ. ಆನ್‌ಲೈನ್‌ನಲ್ಲಿ ಡ್ರಾ ಕೊಡ್ತಾರೆ, ಇಲ್ಲಿ ಸೋತ ಅಂದ್ರು!

ಆರ್ಬಿಟರ್ ಹೇಳಿದ್ದು ಸರಿಯಿರಬಹುದು. ಸಮಯ ಮುಗಿದಾಗ ಫಿಡೆ ಕೇಳುವ ಪ್ರಶ್ನೆ ಒಂದೇ: ಯಾವುದಾದರೂ ನಿಯಮಬದ್ಧ ನಡೆಗಳ ಸರಣಿಯಿಂದ, ಎಷ್ಟೇ ಪೆದ್ದಾಗಿ ಆಡಿದರೂ ಸರಿ, ಎದುರಾಳಿಗೆ ಮೇಟ್ ಮಾಡಲು ಸಾಧ್ಯವೇ? ಸಾಧ್ಯವಾದರೆ ಸೋಲು, ಇಲ್ಲದಿದ್ದರೆ ಡ್ರಾ.

ಎದುರಾಳಿಯ ಬಳಿ ಬರೀ ರಾಜ ಇದ್ದರೆ ಡ್ರಾ. ಅವನ ಬಳಿ ಕುದುರೆ, ನಮ್ಮ ಬಳಿ ಬರೀ ರಾಜ ಇದ್ದರೂ ಡ್ರಾ. ಆದರೆ ನಮ್ಮ ಬಳಿ ಒಂದು ಪಾನ್ ಇದ್ದರೆ ಕತೆ ಬೇರೆ. ಕಪ್ಪು ರಾಜ ಎಚ್1, ಕಪ್ಪು ಪಾನ್ ಎಚ್2, ಬಿಳಿ ರಾಜ ಎಫ್1, ಬಿಳಿ ಕುದುರೆ ಜಿ3 ಎಂದು ಜೋಡಿಸಿ ನೋಡಿ: ಮೇಟ್! ನಮ್ಮ ಪಾನೇ ನಮ್ಮ ರಾಜನ ದಾರಿ ಕಟ್ಟಿದೆ. ಚೆಸ್.ಕಾಮ್‌ನಲ್ಲಿ ಎದುರಾಳಿಗೆ ಒಂಟಿ ಕುದುರೆಯೋ ಒಂಟೆಯೋ ಮಾತ್ರ ಇದ್ದರೆ ನಮ್ಮ ಬಳಿ ಏನಿದೆ ಎಂದು ನೋಡದೆ ಡ್ರಾ ಕೊಡುತ್ತಾರೆ. ಗೊಂದಲದ ಮೂಲ ಅದು.

ಇದೇ ತರ್ಕ ಅಕ್ರಮ ನಡೆಗೂ ಇದೆ. ಎರಡನೇ ಅಕ್ರಮ ನಡೆಗೆ ಸೋಲು. ಎದುರಾಳಿಗೆ ಮೇಟ್ ಮಾಡಲು ಸಾಧ್ಯವೇ ಇಲ್ಲದಿದ್ದರೆ ಅದು ಡ್ರಾ.

## ತರಬೇತಿ, ರೇಟಿಂಗ್, ಕಪ್

ಯಾವ ಡ್ರಾ ಸ್ಥಿತಿಗಳನ್ನು ಮೊದಲು ಕಲಿಸ್ಬೇಕು?

ಒಂದು ಪಾನ್ ಎದುರು ಒಂಟಿ ರಾಜ, ಅದೇ ಮೊದಲ ಪಾಠ. ಬಿಳಿ ರಾಜ ಇ5, ಬಿಳಿ ಪಾನ್ ಇ6, ಕಪ್ಪು ರಾಜ ಇ7, ಸರದಿ ಕಪ್ಪಿನದು, ಅಂದರೆ ನಮ್ಮದು. ಹಿಂದೆ ಸರಿಯಲು ಡಿ8, ಇ8, ಎಫ್8 ಮೂರು ಮನೆ ಇವೆ. ನೇರ ಹಿಂದಕ್ಕೆ ಇ8ಕ್ಕೆ ಹೋದರೆ ಮಾತ್ರ ಡ್ರಾ. ಬಿಳಿ ರಾಜ ಡಿ6ಕ್ಕೆ ಬಂದರೆ ನಾವು ಡಿ8, ಅಂದರೆ ಎದುರುಬದುರು ನಿಲ್ಲಬೇಕು. ಪಾನ್ ಇ7ಕ್ಕೆ ಚೆಕ್ ಕೊಟ್ಟರೆ ಇ8. ಈಗ ಬಿಳಿ ರಾಜ ಇ6ಕ್ಕೆ ಬಂದರೆ ಸ್ಟೇಲ್‌ಮೇಟ್, ಬೇರೆಡೆ ಹೋದರೆ ಪಾನ್ ಹೋಯಿತು. ಮೊದಲಿಗೇ ಡಿ8ಕ್ಕೆ ಹೋಗಿದ್ದರೆ? ಬಿಳಿ ರಾಜ ಡಿ6, ನಾವು ಇ8, ಪಾನ್ ಇ7, ನಾವು ಎಫ್7, ಬಿಳಿ ರಾಜ ಡಿ7, ಮುಂದಿನ ನಡೆಗೆ ರಾಣಿ. ಎರಡೂ ಕಡೆಯಿಂದ ಆಡಿಸಿ, ಗಡಿಯಾರ ಇಟ್ಟೂ ಆಡಿಸಿ.

ಆಮೇಲೆ ಅಂಚಿನ ಪಾನ್. ಎ ಅಥವಾ ಎಚ್ ಸಾಲಿನ ಪಾನ್ ಎದುರು ನಮ್ಮ ರಾಜ ಮೂಲೆ ಸೇರಿದರೆ ಡ್ರಾ. ಅದಕ್ಕೆ ಒಂದು ಒಂಟೆ ಜೊತೆಗಿದ್ದರೂ, ಅದು ಪಾನ್ ರಾಣಿಯಾಗುವ ಮನೆಯ ಬಣ್ಣದ್ದಲ್ಲದಿದ್ದರೆ ಡ್ರಾವೇ. ಎಚ್8 ಕಪ್ಪು ಮನೆ, ಹಾಗಾಗಿ ಎಚ್ ಪಾನ್ ಜೊತೆ ಬಿಳಿ ಮನೆಯ ಒಂಟೆ ಇದ್ದರೆ ಓಡಿಹೋಗಿ ಮೂಲೆ ಹಿಡಿಯಿರಿ. ಬೇರೆ ಬೇರೆ ಬಣ್ಣದ ಮನೆಯ ಒಂಟೆಗಳು, ಆನೆ-ಪಾನ್ ಎದುರು ಆನೆ, ಇವು ಇನ್ನೊಂದು ವರ್ಷ ಕಾಯಬಹುದು.

ಎದುರಾಳಿ ಡ್ರಾ ಕೇಳಿದ್ರೆ ಒಪ್ಪಿಕೊಳ್ಳಬೇಕಾ, ಆಡಬೇಕಾ?

ಕೋಚ್‌ಗಳಲ್ಲಿ ಎರಡು ಪಂಗಡ ಇವೆ. ನಮ್ಮ ಅಭಿಪ್ರಾಯ: 11ರ ಒಳಗಿನವರು ಬೋರ್ಡಿನ ಮೇಲೆ ಆಡಲು ಏನಾದರೂ ಉಳಿದಿರುವವರೆಗೆ ಆಡಲಿ. ಎದುರಾಳಿಯ ರೇಟಿಂಗ್‌ಗೆ ಹೆದರಿ ಒಪ್ಪಿಕೊಳ್ಳುವ ಡ್ರಾದಿಂದ ಕಲಿಯುವುದು ಏನೂ ಇಲ್ಲ. ಬದಲಿಗೆ, ಡ್ರಾ ಕೇಳಿದಾಗ ಮಗು ತನ್ನ ಗಡಿಯಾರ ಓಡಲು ಬಿಟ್ಟು, ಏನೂ ಮುಟ್ಟದೆ ಎರಡು ವಿಷಯ ನೋಡಲಿ: ನನ್ನ ರಾಜನಿಗೆ ಅಪಾಯ ಇದೆಯಾ, ಮುಂದೆ ಸರಿಸಬಹುದಾದ ಪಾನ್ ಯಾರಿಗಿದೆ. ಕೇಳಿದವನಿಗೆ ಏನೋ ಅಳುಕು ಇರಬಹುದು ಎಂಬುದೂ ನೆನಪಿರಲಿ.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ 14ನೇ ಆಟವನ್ನು ಮಕ್ಕಳಿಗೆ ತೋರಿಸಬೇಕು. ಇಬ್ಬರಿಗೂ 6½. ಡಿಂಗ್ ಲಿರೆನ್ ಬಿಳಿ, 18ರ ಗುಕೇಶ್ ಕಪ್ಪು. ತಲಾ ಒಂದು ಆನೆ, ಒಂದು ಒಂಟೆ. ಗುಕೇಶ್ ಬಳಿ ಒಂದು ಪಾನ್ ಹೆಚ್ಚು, ಆದರೂ ನೋಡುವವರಿಗೆಲ್ಲ ಡ್ರಾ ಎಂದೇ ಕಾಣುತ್ತಿದ್ದ ಸ್ಥಿತಿ. ಗುಕೇಶ್ ಆಡುತ್ತಲೇ ಹೋದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದರು. ಆನೆಗಳೂ ಒಂಟೆಗಳೂ ವಿನಿಮಯವಾಗಿ ಉಳಿದ ರಾಜ-ಪಾನ್ ಆಟ ಬಿಳಿಗೆ ಸೋಲು. ಆ ಪಂದ್ಯದ 14 ಆಟಗಳಲ್ಲಿ 9 ಡ್ರಾ. ಡ್ರಾ ಕೆಟ್ಟದ್ದಲ್ಲ, ಆದರೆ ಆಡದೆ ಬಂದದ್ದಕ್ಕೂ ಆಡಿ ಬಂದದ್ದಕ್ಕೂ ವ್ಯತ್ಯಾಸವಿದೆ.

ಡ್ರಾ ಆದ್ರೆ ರೇಟಿಂಗ್ ಎಷ್ಟು ಏರುತ್ತೆ, ಎಷ್ಟು ಇಳಿಯುತ್ತೆ?

ಕ್ಲಾಸಿಕಲ್ (ದೀರ್ಘ ಸಮಯದ) ಆಟದಲ್ಲಿ 18 ತುಂಬುವ ವರ್ಷದ ಕೊನೆಯವರೆಗೆ, ರೇಟಿಂಗ್ 2300ರೊಳಗಿದ್ದರೆ, ಲೆಕ್ಕದ ಗುಣಕ 40. ಸಮಾನ ರೇಟಿಂಗ್‌ನವರು ಡ್ರಾ ಮಾಡಿದರೆ ಬದಲಾವಣೆ ಇಲ್ಲ. ಎದುರಾಳಿ 200 ಪಾಯಿಂಟ್ ಮೇಲಿದ್ದರೆ ನಮ್ಮಿಂದ ನಿರೀಕ್ಷೆ 0.24. ಡ್ರಾ ಆದರೆ 0.26 ಹೆಚ್ಚು, ಅದನ್ನು 40ರಿಂದ ಗುಣಿಸಿದರೆ 10.4 ಏರಿಕೆ. 200 ಕೆಳಗಿನವರ ಜೊತೆ ಡ್ರಾ ಆದರೆ ಅಷ್ಟೇ ಇಳಿಕೆ.

ಇನ್ನೂ ರೇಟಿಂಗ್ ಇಲ್ಲದ ಮಗುವಿಗೆ ಡ್ರಾದ ಬೆಲೆ ಬೇರೆ. ಮೊದಲ ಟೂರ್ನಿಯಲ್ಲಿ ರೇಟಿಂಗ್ ಇರುವವರ ಎದುರು ಒಂದು ಅರ್ಧ ಪಾಯಿಂಟೂ ಬರದಿದ್ದರೆ ಆ ಟೂರ್ನಿ ಲೆಕ್ಕಕ್ಕೇ ಬರುವುದಿಲ್ಲ. ಒಂದೇ ಒಂದು ಡ್ರಾ ಬಂದರೂ ಖಾತೆ ತೆರೆದಂತೆ. ಅಂಥ 5 ಆಟಗಳಾಗಿ, ಲೆಕ್ಕ 1400 ದಾಟಿದರೆ ಮೊದಲ ರೇಟಿಂಗ್ ಬರುತ್ತದೆ.

ಇಬ್ಬರಿಗೂ 5½. ಕಪ್ ಅವಳಿಗೆ ಯಾಕೆ?

ಟೈಬ್ರೇಕ್ ನೋಡಿ. ಬುಕೋಲ್ಜ್ ಎಂದರೆ ನಾವು ಆಡಿದ ಎದುರಾಳಿಗಳ ಒಟ್ಟು ಪಾಯಿಂಟ್. ಸೋನ್ನೆಬಾರ್ನ್-ಬರ್ಗರ್‌ನಲ್ಲಿ ಸೋಲಿಸಿದವರ ಪಾಯಿಂಟ್ ಪೂರ್ತಿ, ಡ್ರಾ ಮಾಡಿದವರದು ಅರ್ಧ: 5 ಪಾಯಿಂಟ್ ಪಡೆದವರನ್ನು ಸೋಲಿಸಿದರೆ 5, 6 ಪಡೆದವರ ಜೊತೆ ಡ್ರಾ ಆದರೆ 3. ಕೆಲವೆಡೆ ‘ಹೆಚ್ಚು ಗೆಲುವು’ ಎಂಬ ಅಂಶ ಮೊದಲೇ ಇರುತ್ತದೆ, ಅಲ್ಲಿ ಹೆಚ್ಚು ಡ್ರಾ ಮಾಡಿದವರು ಹಿಂದೆ ಬೀಳುತ್ತಾರೆ. ಈ ಕ್ರಮ ಸುತ್ತೋಲೆಯಲ್ಲಿ ಬರೆದಿರುತ್ತದೆ. ಕೊನೆಯ ರೌಂಡಿಗೆ ಕೂರುವ ಮುನ್ನ ಓದಿಕೊಳ್ಳಿ. 7 ರೌಂಡಿನ ಟೂರ್ನಿಯಲ್ಲಿ 6ಕ್ಕೆ 6 ಇರುವ ಮಗು ಕೊನೆಗೆ ಡ್ರಾ ಮಾಡಿಕೊಂಡರೆ 6½. 5½ ಇರುವ ಇನ್ನೊಬ್ಬರು ಪಕ್ಕದ ಬೋರ್ಡಿನಲ್ಲಿ ಗೆದ್ದರೆ ಅವರಿಗೂ 6½. ‘ಡ್ರಾ ಸಾಕು, ಕಪ್ ನಮ್ಮದೇ’ ಎನ್ನುವ ಲೆಕ್ಕ ಇಲ್ಲೇ ಕೆಡುತ್ತದೆ.

ಒಂದೇ ಅಕಾಡೆಮಿಯ ಇಬ್ಬರು ಎದುರಾದ್ರೆ ಮೊದಲೇ ಮಾತಾಡ್ಕೊಂಡು ಡ್ರಾ ಮಾಡಬಹುದಾ?

ಆಗದು. ಬೋರ್ಡಿಗೆ ಕೂರುವ ಮುನ್ನವೇ ಫಲಿತಾಂಶ ನಿಗದಿ ಮಾಡಿಕೊಂಡದ್ದು ಸ್ಪಷ್ಟವಾದರೆ ಮುಖ್ಯ ಆರ್ಬಿಟರ್ ದಂಡನೆ ಕೊಡುತ್ತಾರೆ. ಅಣ್ಣ-ತಂಗಿಯೇ ಎದುರಾದರೂ ಇದೇ ಮಾತು.

ಶಾಲಾ ಟೂರ್ನಿಯ ಗಡಿಯಾರದಲ್ಲಿ ಇನ್‌ಕ್ರಿಮೆಂಟ್ ಇಲ್ಲ. ಆನೆ ಎದುರು ಆನೆ, ಅವನು ಸುಮ್ಮನೆ ಟೈಮ್ ಓಡಿಸ್ತಿದ್ದಾನೆ. ಏನಾದ್ರೂ ಮಾಡಬಹುದಾ?

ಸಂಘಟಕರು ಫಿಡೆಯ ಮೂರನೇ ಮಾರ್ಗಸೂಚಿ ಅನ್ವಯಿಸುತ್ತದೆ ಎಂದು ಮೊದಲೇ ಪ್ರಕಟಿಸಿದ್ದರೆ ಮಾತ್ರ ದಾರಿ ಇದೆ. 2 ನಿಮಿಷಕ್ಕಿಂತ ಕಡಿಮೆ ಉಳಿದಾಗ, ಬಾವುಟ ಬೀಳುವ (ಅಂದರೆ ಸಮಯ ಮುಗಿಯುವ) ಮೊದಲು, ನಮ್ಮ ಸರದಿಯಲ್ಲಿ ಗಡಿಯಾರ ನಿಲ್ಲಿಸಿ ಆರ್ಬಿಟರ್ ಅವರನ್ನು ಕರೆಯಬೇಕು. ಸಾಧ್ಯವಿದ್ದರೆ ಇಬ್ಬರಿಗೂ ನಡೆಗೆ 5 ಸೆಕೆಂಡ್ ಸೇರಿಸಿ ಎಂದು ಕೇಳಬೇಕು. ಆ ಕೋರಿಕೆಯೇ ಡ್ರಾ ಕೇಳಿದಂತೆ. ಎದುರಾಳಿ ಒಪ್ಪದೆ, ಆರ್ಬಿಟರ್ ಸಮ್ಮತಿಸಿದರೆ ಗಡಿಯಾರ ಹಾಗೆ ಹೊಂದಿಸಿ, ಎದುರಾಳಿಗೆ 2 ನಿಮಿಷ ಹೆಚ್ಚು ಕೊಟ್ಟು ಆಟ ಮುಂದುವರಿಸುತ್ತಾರೆ. ಮುಳ್ಳಿನ ಗಡಿಯಾರದಲ್ಲಿ ಸೆಕೆಂಡ್ ಸೇರಿಸಲಾಗದು. ಆಗ ‘ಎದುರಾಳಿ ಗೆಲ್ಲಲು ಪ್ರಯತ್ನಿಸುತ್ತಿಲ್ಲ’ ಅಥವಾ ‘ಸಹಜ ಆಟದಿಂದ ಗೆಲ್ಲಲು ಆಗದು’ ಎಂದು ಕ್ಲೇಮ್ ಮಾಡಬಹುದು. ಆರ್ಬಿಟರ್ ತಕ್ಷಣ ಒಪ್ಪಬಹುದು, ತಳ್ಳಿಹಾಕಬಹುದು, ಇಲ್ಲವೇ ಇನ್ನಷ್ಟು ನಡೆ ಆಡಿ ಎಂದು ನಿಂತು ನೋಡಬಹುದು. ಬಾವುಟ ಬಿದ್ದ ಮೇಲೆ ಕೈ ಎತ್ತಿದರೆ ಯಾರೂ ಏನೂ ಮಾಡಲಾರರು.